ಹಂಚಿನ ಮನೆಯ ದೋಣಿ ಶುಚಿ ಮಾಡೋದಕ್ಕೆ ಏಣಿ ಹೇಗಿಡಬೇಕು?

ಪ್ರಶ್ನೆ: ನಮ್ಮದು ಸಾಗರದ ಕಡೆ ಹಂಚಿನ ಮನೆ. ಮಳೆ ಹಿಡಿಯುವ ಮೊದಲು ಸೂರಿನಂಚಿನಲ್ಲಿ ಮಳೆನೀರು ಹರಿಯುವ ತಗಡಿನ ದೋಣಿಯಲ್ಲಿ ತುಂಬಿರುವ ತರಗೆಲೆ ತೆಗೆಯಬೇಕು. ಪ್ರತಿವರ್ಷ ಅಪ್ಪನೇ ಹತ್ತುತ್ತಾರೆ. ಈಗ ಅವರಿಗೆ 67, ಬಿಪಿ ಮಾತ್ರೆ ಬೇರೆ. ಹೋದ ವರ್ಷ ಏಣಿ ಬುಡ ಜಾರಿತು. ಎರಡನೇ ಮೆಟ್ಟಿಲಲ್ಲಿದ್ದರು, ಪೆಟ್ಟಾಗಲಿಲ್ಲ. ಈ ಸಲ ನಾನೇ ಹತ್ತೋಣ ಅಂತಿದ್ದೇನೆ. ಗುಂಪಲ್ಲಿ ಪೇಂಟಿಂಗ್ ಕೆಲಸದ ಅಣ್ಣ ಇದ್ದಾರಲ್ಲ, ಸ್ವಲ್ಪ ಹೇಳ್ತೀರಾ?

ಉತ್ತರ (ಪೇಂಟಿಂಗ್ ಕಂಟ್ರಾಕ್ಟರ್): ನೀವೇ ಹತ್ತೋದು ಒಳ್ಳೆಯದು ತಂಗಿ. ಬಿಪಿ ಮಾತ್ರೆ ತಗೊಳ್ಳೋರಿಗೆ ಮೇಲೆ ನೋಡ್ತಾ ನಿಂತರೆ ತಲೆ ಸುತ್ತಬಹುದು.

ಮೊದಲು ಬುಡ ನೋಡಿ. ಅಂಗಳದ ಮಣ್ಣು ಗಟ್ಟಿ ಕಾಣುತ್ತದೆ, ಆದರೆ ಒಂದು ಮಳೆ ಬಿದ್ದರೆ ಸಾಕು, ಏಣಿಯ ಒಂದು ಕಾಲು ಹೂತು ವಾಲಿಬಿಡುತ್ತದೆ. ಎರಡೂ ಕಾಲಿಗೆ ಸೇರಿಸಿ ಒಂದೇ ಅಗಲವಾದ ಹಲಗೆ ಹಾಕಿ. ತಗ್ಗಿರುವ ಕಡೆ ಇಟ್ಟಿಗೆ ಚೂರು ತುರುಕಬೇಡಿ, ಉಬ್ಬಿರುವ ಕಡೆಯ ಮಣ್ಣು ಕೆರೆದು ಮಟ್ಟ ಮಾಡಿ. ಜಗುಲಿಯ ನೆಲಕ್ಕೆ ಗೀರು ಬೀಳಬಾರದು ಅಂತ ಕೆಲವರು ಗೋಣಿಚೀಲ ಮಡಚಿ ಕೆಳಗಿಡುತ್ತಾರೆ. ನನಗೆ ಅದನ್ನು ಕಂಡರೆ ತುಂಬ ಭಯ. ಚೀಲದ ಸಮೇತ ಏಣಿ ಜಾರುತ್ತದೆ. ಕಾಲಿನ ರಬ್ಬರ್ ನೇರ ನೆಲಕ್ಕೆ ಕೂರಬೇಕು. ಸವೆದು ಒಳಗಿನ ಲೋಹ ಕಾಣುತ್ತಿದ್ದರೆ ಬದಲಾಯಿಸಿ.

ದೋಣಿಗೆ ಏಣಿ ಒರಗಿಸಲೇಬೇಡಿ. ತಗಡು ಬಗ್ಗುತ್ತದೆ, ಏಣಿ ಪಕ್ಕಕ್ಕೆ ಸರಿಯುತ್ತದೆ. ಸೂರು ತಗ್ಗಾಗಿದ್ದರೆ ತಾನೇ ನಿಲ್ಲುವ ಮಡಚೋ ಏಣಿ ತಗೊಳ್ಳಿ. ಪೂರ್ತಿ ಬಿಡಿಸಿ, ಎರಡೂ ಕಡೆಯ ಪಟ್ಟಿ ಲಾಕ್ ಆಗಿದೆಯಾ ನೋಡಿ. ತುದಿಯ ಎರಡು ಮೆಟ್ಟಿಲ ಮೇಲೆ ನಿಲ್ಲಬೇಡಿ. ಒಂದು ಮೊಳ ಆಚೆ ಇರುವ ಎಲೆಗೂ ಬಾಗಬೇಡಿ. ಸೊಂಟ ಏಣಿಯ ಎರಡು ಕಂಬದ ನಡುವೆಯೇ ಇರಬೇಕು. ಕೈ ಸಾಲದಿದ್ದರೆ ಇಳಿದು ಏಣಿ ಸರಿಸಿ. ಬೇಜಾರಿನ ಕೆಲಸವೇ, ಆದರೆ ಅನುಭವಸ್ಥರೂ ಬೀಳುವುದು "ಇದೊಂದು ಬಾಗಿ ತೆಗೆದುಬಿಡ್ತೀನಿ" ಅನ್ನುವಾಗಲೇ.

ಪ್ರಶ್ನೆ: ನಮ್ಮದು ತಾರಸಿ ಮನೆ ಅಣ್ಣ. ಟ್ಯಾಂಕ್ ನೋಡೋದಕ್ಕೆ ಒರಗಿಸೋ ಏಣಿನೇ ಗತಿ. ಎಷ್ಟು ಓರೆ ಇಡಬೇಕು?

ಉತ್ತರ: ನಾಲ್ಕಕ್ಕೆ ಒಂದು. ಏಣಿ 12 ಅಡಿ ಎತ್ತರದಲ್ಲಿ ತಾಗಿದರೆ ಬುಡ ಗೋಡೆಯಿಂದ 3 ಅಡಿ ದೂರ. ಟೇಪ್ ಬೇಕಿಲ್ಲ. ಕಾಲ್ಬೆರಳು ಏಣಿ ಬುಡಕ್ಕೆ ತಾಗಿಸಿ ನೆಟ್ಟಗೆ ನಿಂತು ಕೈ ಮುಂದೆ ಚಾಚಿ. ಭುಜದ ಎತ್ತರದ ಮೆಟ್ಟಿಲಿಗೆ ಅಂಗೈ ಸಿಕ್ಕಿದರೆ ಓರೆ ಸರಿಯಾಗಿದೆ. ತಾರಸಿ ಅಂಚಿಗಿಂತ ಏಣಿ 3 ಅಡಿಯಾದರೂ ಮೇಲಿರಲಿ, ದಾಟುವಾಗ ಹಿಡಿಯಲು ಏನಾದರೂ ಬೇಕಲ್ವಾ? ತುದಿಯನ್ನು ಹಗ್ಗದಿಂದ ಕಟ್ಟಿ. ಕಟ್ಟುವವರೆಗೆ ಕೆಳಗೆ ಒಬ್ಬರು ಎರಡೂ ಕೈಯಲ್ಲಿ ಕಂಬ ಹಿಡಿದು, ಒಂದು ಕಾಲು ಕೆಳಗಿನ ಮೆಟ್ಟಿಲ ಮೇಲಿಟ್ಟು ನಿಲ್ಲಲಿ. ಮೊಬೈಲ್ ಜೇಬಲ್ಲೇ ಇರಲಿ. ಬಕೆಟ್ ಹಿಡಿದು ಹತ್ತಬೇಡಿ, ಮೇಲೆ ಹೋದ ಮೇಲೆ ಹಗ್ಗದಲ್ಲಿ ಎಳೆದುಕೊಳ್ಳಿ.

ಪ್ರಶ್ನೆ: ನಮ್ಮಲ್ಲಿ ಮೆಣಸು ಕೊಯ್ಯೋ ಅಲ್ಯೂಮಿನಿಯಂ ಏಣಿ ಇದೆ. ಅದನ್ನೇ ಮನೆಗೂ ಬಳಸಬಹುದಾ? ಸೂರಿನ ಪಕ್ಕದಲ್ಲೇ ಕರೆಂಟ್ ತಂತಿ ಹೋಗುತ್ತದೆ.

ಉತ್ತರ: ಆ ಜಾಗದಲ್ಲಿ ಬೇಡವೇ ಬೇಡ. ಕೊಡಗು, ಚಿಕ್ಕಮಗಳೂರಿನ ತೋಟಗಳಲ್ಲಿ ಲೋಹದ ಏಣಿ ತಂತಿಗೆ ತಾಗಿ ಎಷ್ಟು ಜನ ಹೋಗಿದ್ದಾರೆ ಅಂತ ನಿಮಗೂ ಗೊತ್ತು. ಹತ್ತಿದವರು ಮಾತ್ರ ಅಲ್ಲ, ಏಣಿ ನೆಟ್ಟಗೆ ಹಿಡಿದು ನಡೆಯುತ್ತಿದ್ದವರೂ ಸತ್ತಿದ್ದಾರೆ. ಏಣಿಯನ್ನು ಮಲಗಿಸಿಕೊಂಡೇ ಸಾಗಿಸಿ. ಬಿದಿರೇಣಿಯನ್ನೂ ನಂಬಬೇಡಿ, ಒದ್ದೆಯಾದರೆ ಅದರಲ್ಲೂ ಕರೆಂಟ್ ಹರಿಯುತ್ತದೆ. ತಂತಿ ಪಕ್ಕದ ಕೆಲಸ ಇದ್ದರೆ ಲೈನ್‌ಮನ್‌ಗೆ ಹೇಳಿ ಲೈನ್ ಆಫ್ ಮಾಡಿಸಿಕೊಳ್ಳಿ, ಆಮೇಲೆ ಹತ್ತಿ.

ಪ್ರಶ್ನೆ ಕೇಳಿದವರು: ಅಣ್ಣ, ಅಪ್ಪನಿಗೆ ಓದಿ ಹೇಳಿದೆ. "ಹಂಚು ಸರಿ ಮಾಡೋದಕ್ಕೆ ಮಾತ್ರ ನಾನೇ ಹತ್ತುತ್ತೇನೆ" ಅಂತಿದ್ದಾರೆ.

ಉತ್ತರ: ಅಪ್ಪಾಜಿಗೆ ನನ್ನ ನಮಸ್ಕಾರ ಹೇಳಿ. ಪಾಚಿ ಕಟ್ಟಿದ ಹಂಚು ಒಣಗಿದಾಗಲೂ ಜಾರುತ್ತದೆ, ಹಳೆಯದು ಕಾಲಿಟ್ಟರೆ ಒಡೆಯುತ್ತದೆ. ಅವರು ಕೆಳಗೆ ನಿಂತು ಏಣಿ ಹಿಡಿಯಲಿ, ಯಾವ ಹಂಚು ಅಂತ ತೋರಿಸಲಿ. ಹತ್ತೋದಕ್ಕೆ ಆ ಕೆಲಸ ಗೊತ್ತಿರುವವರನ್ನು ಕರೆಸಿ.