ಅಜ್ಜಿಯ ಬೆಳಗಿನ ಮಾತ್ರೆ

ದೊಡ್ಡಪ್ಪ: (ಫಾರ್ವರ್ಡ್) ಗ್ಯಾಸ್ ಮಾತ್ರೆ ನುಂಗುವವರೇ ಎಚ್ಚರ!! ಅಮೆರಿಕದಲ್ಲಿ ಬ್ಯಾನ್. ಕ್ಯಾನ್ಸರ್ ಬರುತ್ತೆ. ಹತ್ತು ಜನಕ್ಕೆ ಕಳಿಸಿ 🙏

ಶಶಿ ಅತ್ತೆ: ಅಯ್ಯೋ ದೇವರೇ. ನಮ್ಮನೆಯವ್ರು ದಿನಾ ನುಂಗ್ತಾರೆ.

ಹರ್ಷ: ದೊಡ್ಡಪ್ಪ, ಯಾವ ಮಾತ್ರೆ? ಹೆಸರೇ ಇಲ್ವಲ್ಲ. ಯಾರು ಕಳಿಸಿದ್ದು?

ದೊಡ್ಡಪ್ಪ: ನನ್ನ ಜೊತೆ ವಾಕಿಂಗ್ ಬರೋರು. ರಿಟೈರ್ಡ್ ಇಂಜಿನಿಯರ್, ನಿನಗಿಂತ ತಿಳಿದೋರು. ರಾತ್ರಿ ಎರಡು ತುತ್ತು ಕಮ್ಮಿ ಉಂಡ್ರೆ ಮಾತ್ರೆ ಯಾಕೆ ಬೇಕು?

ಹರ್ಷ: ಅಮೆರಿಕದಲ್ಲಿ 2020ರಲ್ಲಿ ಅಂಗಡಿಗಳಿಂದ ತೆಗೆಸಿದ್ದು ರಾನಿಟಿಡಿನ್ ಅನ್ನೋ ಗ್ಯಾಸ್ ಮಾತ್ರೆ. ಅದರಲ್ಲಿ ಕ್ಯಾನ್ಸರ್ ತರಬಹುದಾದ ಎನ್‌ಡಿಎಂಎ ಅನ್ನೋ ಕಲ್ಮಶ ಸಿಕ್ಕಿತ್ತು, ಬಿಸಿ ಜಾಗದಲ್ಲಿಟ್ರೆ ಇನ್ನೂ ಹೆಚ್ಚುತ್ತೆ. ನಮ್ಮಲ್ಲೂ 2022ರಲ್ಲಿ ಅಗತ್ಯ ಔಷಧಿಗಳ ಪಟ್ಟಿಯಿಂದ ಕೈಬಿಟ್ರು. ಪ್ಯಾನ್ ಮಾತ್ರೇಲಿರೋ ಪ್ಯಾಂಟೊಪ್ರಜೋಲೂ ಗ್ಯಾಸಿಗೇ, ಆದ್ರೆ ಅದು ಬೇರೆ ಔಷಧಿ.

ರೂಪಾ: ಹೊಟ್ಟೆ ಉಬ್ಬರಿಸಿದ್ರೆ ಅಜ್ಜಿ ಓಂಕಾಳು, ಉಪ್ಪು ಕೈಗೆ ಹಾಕ್ತಿದ್ರು, ನೆನಪಿದ್ಯಾ? ತೀರ್ಥಹಳ್ಳಿ ಮನೆ ಜಗಲಿ, ಆ ಮಳೆ... ❤️

ಶಶಿ ಅತ್ತೆ: ಆ ಮನೆ ಮಾತು ತೆಗೀಬೇಡ ರೂಪಾ. ಮಾರುವಾಗ ನನ್ನನ್ನ ಒಂದು ಮಾತು ಕೇಳ್ಲಿಲ್ಲ.

ದೊಡ್ಡಪ್ಪ: ಕರೆದಿದ್ವಿ. ನೀನೇ ಬರಲಿಲ್ಲ.

ಶಶಿ ಅತ್ತೆ: ನನಗೆ ಆಪರೇಷನ್ ಆಗಿತ್ತು ಅಣ್ಣಾ!!

ಸವಿತಾ ಚಿಕ್ಕಮ್ಮ: ಒಂದ್ನಿಮಿಷ ಎಲ್ರೂ. ಭಾವ ಇದನ್ನ ಸೋಮವಾರವೇ ನಮ್ಮತ್ತೆಗೆ, ಅಂದ್ರೆ ಅಜ್ಜಿಗೆ, ಕಳಿಸಿದ್ರಂತೆ. ಅವತ್ತಿಂದ ಅವರು ಪ್ಯಾನ್ 40 ಮುಟ್ಟಿಲ್ಲ. ಈಗ ಡಬ್ಬಿ ನೋಡಿದೆ.

ಹರ್ಷ: ಇಕೋಸ್ಪ್ರಿನ್? ರಕ್ತ ಹೆಪ್ಪುಗಟ್ಟದ ಹಾಗೆ ಕೊಟ್ಟಿರೋ ಆಸ್ಪಿರಿನ್?

ಸವಿತಾ ಚಿಕ್ಕಮ್ಮ: ಅದು ದಿನಾ ತಗೊಂಡಿದ್ದಾರೆ. ಹಾರ್ಟಿನ ಮಾತ್ರೆ ಬಿಡಬಾರದು ಅಂತ.

ಹರ್ಷ: ಚಿಕ್ಕಮ್ಮ, ಸ್ಟೆಂಟ್ ಹಾಕಿದ ಮೇಲೆ ಪ್ಯಾನ್ ಬರೆದುಕೊಟ್ಟಿದ್ದೇ ಅದಕ್ಕೆ. ಇಕೋಸ್ಪ್ರಿನ್ನಿಂದ ಹೊಟ್ಟೇಲಿ ಹುಣ್ಣಾಗಿ ರಕ್ತ ಹೋಗಬಹುದು, ಪ್ಯಾನ್ ಅದನ್ನ ತಡೀತಿತ್ತು. ಕಕ್ಕಸು ಟಾರಿನ ಹಾಗೆ ಕಪ್ಪಗೆ ಹೋಗ್ತಿದ್ಯಾ ಕೇಳಿ. ಹಾಗಿದ್ರೆ ಸೀದಾ ಆಸ್ಪತ್ರೆಗೆ.

ಶಶಿ ಅತ್ತೆ: ನಮ್ಮನೆಯವ್ರು ಎರಡು ವರ್ಷದಿಂದ ಮೆಡಿಕಲ್ ಶಾಪಲ್ಲಿ ಕೇಳಿ ತಂದು ನುಂಗ್ತಿದ್ದಾರಲ್ಲ ಹರ್ಷ, ಅದೂ ಊಟ ಆದ್ಮೇಲೆ.

ಹರ್ಷ: ಪ್ಯಾಂಟೊಪ್ರಜೋಲ್ ಆದ್ರೆ ಬೆಳಿಗ್ಗೆ ತಿಂಡಿಗೆ ಅರ್ಧ ಗಂಟೆ ಮೊದಲು ತಗೊಂಡ್ರೆ ಚೆನ್ನಾಗಿ ಕೆಲಸ ಮಾಡುತ್ತೆ ಅತ್ತೆ. ವರ್ಷಗಟ್ಟಲೆ ನುಂಗಿದ್ರೆ ಬಿ12, ಮೆಗ್ನೀಸಿಯಂ ಇಳಿಯಬಹುದು. ತಟಕ್ಕನೆ ಬಿಟ್ರೆ ಎದೆಯುರಿ ಜೋರಾಗಿ ವಾಪಸ್ ಬರಬಹುದು. ಡಾಕ್ಟರ್ ಹತ್ರ ಕರ್ಕೊಂಡು ಹೋಗಿ.

ದೊಡ್ಡಪ್ಪ: ನಾನು ಒಳ್ಳೇದಕ್ಕೇ ಕಳಿಸಿದ್ದು. ನನಗೆ ಪಾಠ ಬೇಡ.

ದೊಡ್ಡಪ್ಪ: ಸವಿತಾ, ಅಮ್ಮ ಏನಂದ್ರು?

ಸವಿತಾ ಚಿಕ್ಕಮ್ಮ: ಕಪ್ಪಗೇನೂ ಇಲ್ವಂತೆ. ಡಾಕ್ಟರಿಗೆ ಫೋನ್ ಹಚ್ಚಿದೀನಿ, ಬ್ಯುಸಿ ಬರ್ತಿದೆ.

ದೊಡ್ಡಪ್ಪ: ಮಾಡ್ತಾನೇ ಇರು. ನಾನು ಹೊರಟೆ.