ಟೆರೆನ್ಸ್ ರೇಂಜರ್ ಅವರ ವೃತ್ತಿಜೀವನ: ಹೋರಾಟದ ಪಕ್ಷ ವಹಿಸಿದ ಚರಿತ್ರಕಾರರನ್ನು ಹೇಗೆ ಓದಬೇಕು?

ಪ್ರಶ್ನೆ (ಎಂ.ಎ. ವಿದ್ಯಾರ್ಥಿನಿ, ಕುಂಬಳೆ):

ಮಾನ್ಯರೇ, ನಾನು ಕಾಸರಗೋಡಿನಲ್ಲಿ ಇತಿಹಾಸ ಓದುತ್ತಿದ್ದೇನೆ. ತರಗತಿಯ ವಿಚಾರಗೋಷ್ಠಿಗಾಗಿ ಆಫ್ರಿಕಾದ ಚರಿತ್ರೆ ಬರೆದ ಬ್ರಿಟಿಷ್ ಚರಿತ್ರಕಾರ ಟೆರೆನ್ಸ್ ರೇಂಜರ್ ಅವರ ಕುರಿತು ಪ್ರಬಂಧ ಸಿದ್ಧಪಡಿಸಬೇಕಾಗಿದೆ. ಆಕ್ಸ್‌ಫರ್ಡಿನಲ್ಲಿ ಹದಿನೇಳನೆಯ ಶತಮಾನದ ಐರ್ಲೆಂಡಿನ ಬಗ್ಗೆ ಸಂಶೋಧನೆ ಮಾಡಿದ್ದ ಅವರು 1957ರಲ್ಲಿ ಸಾಲಿಸ್‌ಬರಿಗೆ, ಅಂದರೆ ಇಂದಿನ ಜಿಂಬಾಬ್ವೆಯ ರಾಜಧಾನಿ ಹರಾರೆಗೆ, ಅಧ್ಯಾಪಕರಾಗಿ ಹೋದರು. ವರ್ಣಭೇದದ ವಿರುದ್ಧ ಕರಿಯರ ಚಳವಳಿಯ ಜೊತೆ ನಿಂತದ್ದಕ್ಕಾಗಿ 1963ರಲ್ಲಿ ಗಡೀಪಾರಾದರು. ಆಮೇಲೆ ದಾರ್ ಎಸ್ ಸಲಾಂ, ಲಾಸ್ ಏಂಜಲೀಸ್, ಮ್ಯಾಂಚೆಸ್ಟರ್, ಮತ್ತೆ ಆಕ್ಸ್‌ಫರ್ಡ್. ಇಷ್ಟು ವಿವರ ಎಲ್ಲಿಯೂ ಸಿಗುತ್ತದೆ. ನನ್ನ ಸಂದೇಹ ಬೇರೆ: ಹೋರಾಟದಲ್ಲಿ ಪಕ್ಷ ವಹಿಸಿದವರು ಬರೆದ ಚರಿತ್ರೆಯನ್ನು ಎಷ್ಟರಮಟ್ಟಿಗೆ ನೆಚ್ಚಬಹುದು? ಮುಂದೆ 1837ರ ಅಮರ ಸುಳ್ಯದ ದಂಗೆಯ ಬಗ್ಗೆ ಕೆಲಸ ಮಾಡುವ ಆಸೆಯಿರುವುದರಿಂದ ಕೇಳುತ್ತಿದ್ದೇನೆ.

ಉತ್ತರ 1 (ನಿವೃತ್ತ ಅಧ್ಯಾಪಕ, ಮಂಜೇಶ್ವರ):

ನಿಮ್ಮ ಪ್ರಬಂಧ ಹುದ್ದೆಗಳ ಸುತ್ತ ತಿರುಗದೆ ಅದೇ ನಾಡಿನಲ್ಲಿ ನಡೆದ 1896ರ ದಂಗೆಯ ಸುತ್ತ ತಿರುಗಲಿ. ಸೆಸಿಲ್ ರೋಡ್ಸ್‌ನ ಬ್ರಿಟಿಷ್ ಸೌತ್ ಆಫ್ರಿಕಾ ಕಂಪನಿ ಭೂಮಿಯನ್ನೂ ದನಗಳನ್ನೂ ಕಿತ್ತುಕೊಂಡು, ಗುಡಿಸಲಿಗೆ ತೆರಿಗೆ ಹಾಕಿ, ಜನರನ್ನು ಬಲವಂತವಾಗಿ ದುಡಿಸುತ್ತಿತ್ತು. ಅದೇ ಹೊತ್ತಿಗೆ ರಿಂಡರ್‌ಪೆಸ್ಟ್ ರೋಗ ಬಂದು ಉಳಿದ ದನಗಳೂ ಸತ್ತವು. ಕಂಪನಿಯ ಆಡಳಿತಾಧಿಕಾರಿ ಜೇಮ್ಸನ್ ನೆರೆಯ ಟ್ರಾನ್ಸ್‌ವಾಲ್ ಮೇಲೆ ನಡೆಸಿದ ವಿಫಲ ದಾಳಿಗೆಂದು ಪೊಲೀಸರು ಗಡಿಯಾಚೆ ಹೋಗಿ ಸೆರೆಯಾಗಿದ್ದರು. ಮಾರ್ಚ್‌ನಲ್ಲಿ ಎನ್‌ಡೆಬೆಲೆಗಳು, ಜೂನ್‌ನಲ್ಲಿ ಶೋನಾಗಳು ಎದ್ದರು. ಈ ಎರಡು ಜನಾಂಗಗಳನ್ನು ಮಾಟೋಪೊ ಬೆಟ್ಟಗಳ ಮ್ವಾರಿ ದೇವರ ಅರ್ಚಕರೂ ಮೈಮೇಲೆ ದೈವ ಬರುವ ಪಾತ್ರಿಗಳೂ ಒಂದುಗೂಡಿಸಿದರೆಂಬುದು ರೇಂಜರ್ ಅವರ 1967ರ ಗ್ರಂಥದ ವಾದ. ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತಿದ್ದವರಿಗೆ ಅದು ಬಹಳ ಬೇಕಾಗಿದ್ದ ಮಾತು. ಆದರೆ 1970ರ ದಶಕದಲ್ಲಿ ಚರಿತ್ರಕಾರರಾದ ಜೂಲಿಯನ್ ಕಾಬಿಂಗ್ ಮತ್ತು ಡೇವಿಡ್ ಬೀಚ್ ಅವೇ ದಾಖಲೆಗಳನ್ನು ಮತ್ತೆ ಕೂಲಂಕಷವಾಗಿ ನೋಡಿ, ಎನ್‌ಡೆಬೆಲೆಗಳನ್ನು ನಡೆಸಿದ್ದು ಅವರ ಹಳೆಯ ರಾಜ್ಯವ್ಯವಸ್ಥೆಯೇ ಎಂದೂ, ಶೋನಾ ನಾಯಕರು ಒಂದೇ ಅಪ್ಪಣೆಗೆ ಕಾಯದೆ ತಮ್ಮ ತಮ್ಮ ಸೀಮೆಗಳಲ್ಲಿ ಎದ್ದರೆಂದೂ ತೋರಿಸಿದರು. ರೇಂಜರ್ ಆ ಟೀಕೆಯ ಬಹುಭಾಗವನ್ನು ಒಪ್ಪಿಕೊಂಡರು. ಅವರ ಪಕ್ಷಪಾತ ಎಲ್ಲಿ ಕೆಲಸ ಮಾಡಿತೆಂಬುದು ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಅದನ್ನು ತಿದ್ದಲು ಬೇಕಾದ ಆಧಾರಗಳನ್ನು ಅವರ ಅಡಿಟಿಪ್ಪಣಿಗಳೇ ಕೊಟ್ಟಿದ್ದವೆಂಬುದನ್ನೂ ಮರೆಯಬಾರದು.

ಉತ್ತರ 2 (ಓದುಗ, ಬದಿಯಡ್ಕ):

ಸರ್, ತಾವು ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಅವರನ್ನು ಆ ಒಂದು ಗ್ರಂಥದಿಂದಲೇ ಅಳೆಯುವುದು ನ್ಯಾಯವಲ್ಲವೆಂದು ನನ್ನ ಭಾವನೆ. ಎರಿಕ್ ಹಾಬ್ಸ್‌ಬಾಮ್ ಅವರ ಜೊತೆ 1983ರಲ್ಲಿ ಸಂಪಾದಿಸಿದ ‘ದಿ ಇನ್ವೆನ್ಷನ್ ಆಫ್ ಟ್ರೆಡಿಷನ್’ ಸಂಕಲನದಲ್ಲಿ, ಅನಾದಿಯೆಂದು ನಾವು ತಿಳಿಯುವ ಬುಡಕಟ್ಟು ಗಡಿಗಳೂ ಕಟ್ಟುಕಟ್ಟಳೆಗಳೂ ವಸಾಹತು ಕಾಲದಲ್ಲಿ ಹೇಗೆ ಗಟ್ಟಿಯಾದವೆಂದು ಅವರು ತೋರಿಸಿದರು. ಹತ್ತು ವರ್ಷಗಳ ಬಳಿಕ ಆ ವಾದವನ್ನೂ ಪರಿಷ್ಕರಿಸಿ, ಆ ಬದಲಾವಣೆಯಲ್ಲಿ ಆಫ್ರಿಕನ್ನರ ಪಾಲನ್ನು ತಾವು ಕಡಿಮೆ ಅಂದಾಜು ಮಾಡಿದ್ದೆವೆಂದು ಬರೆದರು. ಎಲ್ಲಕ್ಕಿಂತ ದೊಡ್ಡ ಮಾತೆಂದರೆ, ಸ್ವತಂತ್ರ ಜಿಂಬಾಬ್ವೆಯ ಮುಗಾಬೆ ಸರಕಾರ ಚರಿತ್ರೆಯನ್ನು ತನ್ನ ಪಕ್ಷದ ಕಥೆಯಾಗಿ ಕುಗ್ಗಿಸತೊಡಗಿದಾಗ, 2004ರಲ್ಲಿ ಅದನ್ನು ‘ದೇಶಭಕ್ತ ಚರಿತ್ರೆ’ ಎಂದು ಗುರುತಿಸಿ ವಿರೋಧಿಸಿದರು. ತಾವು ಯೌವನದಲ್ಲಿ ಬೆಂಬಲಿಸಿದ ಚಳವಳಿಯ ಉತ್ತರಾಧಿಕಾರಿಗಳ ಎದುರು ಹಾಗೆ ನಿಲ್ಲುವ ಧೈರ್ಯಕ್ಕೆ ನಾನು ತಲೆಬಾಗುತ್ತೇನೆ.

ಉತ್ತರ 3 (ವಿದ್ಯಾರ್ಥಿನಿ):

ಇಬ್ಬರಿಗೂ ಕೃತಜ್ಞತೆಗಳು. ಸರ್, ಸುಳ್ಯದ ವಿಷಯದಲ್ಲಿ ನಾನು ಮೊದಲು ಏನನ್ನು ನೋಡಬೇಕು?

ಉತ್ತರ 4 (ನಿವೃತ್ತ ಅಧ್ಯಾಪಕ, ಮಂಜೇಶ್ವರ):

ದಂಗೆಯ ನಾಯಕ ಕಲ್ಯಾಣಸ್ವಾಮಿಯ ವ್ಯಕ್ತಿತ್ವವನ್ನು ಸದ್ಯಕ್ಕೆ ಬದಿಗಿಟ್ಟು ಕಂದಾಯದಿಂದ ಆರಂಭಿಸಿ. ಕೊಡಗು 1834ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಸರಕಾರದ ಕೈಸೇರಿದ ಮೇಲೆ ಅಮರ ಸುಳ್ಯ ಸೀಮೆಯನ್ನು ಕೆನರಾ ಜಿಲ್ಲೆಗೆ ಸೇರಿಸಿದರು. ಅದುವರೆಗೆ ಧಾನ್ಯರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ಹಣವಾಗಿ ಕಟ್ಟಬೇಕಾಯಿತು. ಸುಳ್ಯವೂ ನಮ್ಮ ಕಾಸರಗೋಡೂ 1956ರವರೆಗೆ ಮದರಾಸಿನ ಆಡಳಿತದಲ್ಲಿದ್ದುದರಿಂದ ಹಳೆಯ ಕಡತಗಳಿಗಾಗಿ ಚೆನ್ನೈಯ ಎಗ್ಮೋರಿನಲ್ಲಿರುವ ರಾಜ್ಯ ಪತ್ರಾಗಾರಕ್ಕೆ ಹೋಗಬೇಕು. ದಂಗೆಗೆ ಯಾರೋ ಒಬ್ಬರು ಪ್ರಚೋದಕರೇ ಕಾರಣವೆಂದು ಅಧಿಕಾರಿಗಳ ಪತ್ರಗಳು ಹೇಳಿದಲ್ಲಿ, ಅದೇ ಊರಿನ ಆ ವರ್ಷದ ಕಂದಾಯದ ಲೆಕ್ಕವನ್ನು ಪಕ್ಕದಲ್ಲಿಟ್ಟು ಓದಿ.