ಮೂಗ್ ಗ್ರ್ಯಾಂಡ್‌ಮದರ್‌ನಲ್ಲಿ ಮಾಡ್ಯುಲೇಷನ್ ಹೊಂದಿಸೋದು ಹೇಗೆ? ಅನುಭವ ಇದ್ದವರು ಹೇಳಿ

ಸೆಕೆಂಡ್ ಹ್ಯಾಂಡ್ ಗ್ರ್ಯಾಂಡ್‌ಮದರ್ (ಮೂಗ್ ಕಂಪನಿಯ ಸಿಂತಸೈಜರ್) ಸಿಕ್ಕಿದೆ. ಕೀಬೋರ್ಡ್ ನುಡಿಸೋದು ಗೊತ್ತು, ಅನಲಾಗ್ ಸಿಂತ್ ಮಾತ್ರ ಇದೇ ಮೊದಲು. ಮಾಡ್ಯುಲೇಷನ್, ಅಂದರೆ ಸ್ವರವನ್ನೋ ನಾದವನ್ನೋ ತಾನಾಗಿ ಏರಿಳಿಸೋ ಭಾಗದ ನಾಬ್ ಎಷ್ಟು ತಿರುಗಿಸಿದರೂ ಏನೂ ಆಗಲ್ಲ. ಕೇಬಲ್ ಹಾಕಿದರೆ ಆಂಬುಲೆನ್ಸ್ ಸೈರನ್! ನನಗೆ ಬೇಕಿರೋದು ಗಮಕದ ಥರ ಸ್ವರ ತೂಗೋದು. ಎಲ್ಲಿಂದ ಶುರು ಮಾಡಲಿ?

ಉತ್ತರ 1
ಎಡಗಡೆಯ ಮಾಡ್ಯುಲೇಷನ್ ವೀಲ್ ಮೇಲಕ್ಕೆ ತಳ್ಳಿ ನೋಡಿ ಸರ್. ಅದು ಕೆಳಗಿದ್ದರೆ ಪಿಚ್ (ಸ್ವರದ ಎತ್ತರ), ಕಟಾಫ್ (ಫಿಲ್ಟರ್ ದನಿಯ ಚೂಪನ್ನು ಎಲ್ಲಿಂದ ಸೋಸುತ್ತೆ ಅನ್ನೋ ಮಟ್ಟ), ಪಲ್ಸ್ ವಿಡ್ತ್ (ಪಲ್ಸ್ ಅಲೆಯ ಅಗಲ) ಮೂರೂ ನಾಬ್ ಪೂರ್ತಿ ತಿರುಗಿಸಿದರೂ ಪರಿಣಾಮವೇ ಇಲ್ಲ. ನಾಬ್ ಗರಿಷ್ಠ ಎಷ್ಟು ಅಂತ ಹೇಳುತ್ತೆ, ಅದರಲ್ಲಿ ಈಗ ಎಷ್ಟು ಅಂತ ವೀಲ್ ಹೇಳುತ್ತೆ. ಇನ್ನೊಂದು: ಪಲ್ಸ್ ವಿಡ್ತ್ ಕೇಳಬೇಕಾದರೆ ಆಸಿಲೇಟರ್ (ಮೂಲ ದನಿ ಹುಟ್ಟಿಸೋ ಭಾಗ) ಪಲ್ಸ್ ಅಲೆಯಲ್ಲಿರಬೇಕು. ಗರಗಸದ ಅಲೆಯಲ್ಲಿ ಅದಕ್ಕೆ ಕೆಲಸವೇ ಇಲ್ಲ.

ಉತ್ತರ 2
ಸೈರನ್ ಯಾಕೆ ಬರುತ್ತೆ ಅನ್ನೋದು ಬರೀ ಲೆಕ್ಕ. ಪಿಚ್ ಇನ್‌ಪುಟ್‌ಗೆ 1 ವೋಲ್ಟ್ ಅಂದರೆ ಒಂದು ಆಕ್ಟೇವ್ (ಹನ್ನೆರಡು ಸೆಮಿಟೋನ್). ಹಾಗಾದರೆ ಒಂದು ಸೆಮಿಟೋನ್‌ಗೆ 1 ವೋಲ್ಟಿನ ಹನ್ನೆರಡನೇ ಒಂದು ಪಾಲು, ಸುಮಾರು 83 ಮಿಲಿವೋಲ್ಟ್ ಸಾಕು. ಎಲ್‌ಎಫ್‌ಒ (ನಿಧಾನವಾಗಿ ಏರಿಳಿಯೋ ವೋಲ್ಟೇಜ್ ಕೊಡೋ ಭಾಗ) 5 ವೋಲ್ಟ್ ಮೇಲಕ್ಕೂ 5 ವೋಲ್ಟ್ ಕೆಳಕ್ಕೂ ಆಡುತ್ತಿದ್ದರೆ, ಅದನ್ನು ನೇರ ಪಿಚ್‌ಗೆ ಚುಚ್ಚಿದಾಗ ಸ್ವರ ಹತ್ತು ಆಕ್ಟೇವ್ ಓಡಾಡುತ್ತೆ. ಅದಕ್ಕೇ ಈ ಯಂತ್ರದಲ್ಲಿ ಅಟೆನ್ಯುಯೇಟರ್ (ವೋಲ್ಟೇಜ್ ತಗ್ಗಿಸೋ ನಾಬ್) ಕೊಟ್ಟಿರೋದು. ಎಲ್‌ಎಫ್‌ಒ ಕೇಬಲ್ ಮೊದಲು ಅಲ್ಲಿಗೆ ಹೋಗಲಿ, ಅಲ್ಲಿಂದ ಪಿಚ್‌ಗೆ. ನಾಬ್ ನಡುವಿನಲ್ಲಿ ಸೊನ್ನೆ, ಬಲಕ್ಕೆ ತಿರುಗಿಸಿದರೆ ನೇರ, ಎಡಕ್ಕೆ ತಿರುಗಿಸಿದರೆ ತಲೆಕೆಳಗು. ಒಂದು ಕೂದಲೆಳೆಯಷ್ಟೇ ಸರಿಸಿ.

ಫಿಲ್ಟರ್‌ನಲ್ಲಿ ಇಷ್ಟು ಜಿಪುಣತನ ಬೇಡ, ಧಾರಾಳವಾಗಿ ಕೊಡಿ. ಅಲ್ಲಿ ಬೇರೆ ತೊಂದರೆ. ಕಟಾಫ್ ಪೂರ್ತಿ ತೆರೆದಿಟ್ಟು ಎನ್ವಲಪ್ (ಕೀ ಒತ್ತಿದಾಗ ಒಮ್ಮೆ ಏರಿ ಇಳಿಯೋ ವೋಲ್ಟೇಜ್) ಕೊಟ್ಟರೆ ಏನೂ ಕೇಳಿಸಲ್ಲ, ಮೇಲೆ ಹೋಗಲು ಜಾಗ ಎಲ್ಲಿದೆ? ಎನ್ವಲಪ್ ಒಂದೇ ಕಡೆಗೆ ತಳ್ಳುತ್ತೆ, ಹಾಗಾಗಿ ಕಟಾಫ್ ಮೊದಲು ಇಳಿಸಿ. ಎಲ್‌ಎಫ್‌ಒ ಎರಡೂ ಕಡೆ ಆಡುತ್ತೆ, ಅದಕ್ಕೆ ಕಟಾಫ್ ನಡುವಿನಲ್ಲಿರಲಿ. ನಾನಂತೂ ಯಾವ ಮೂಲ ಯಾವ ಗುರಿಗೆ ಅನ್ನೋದಕ್ಕಿಂತ ಗುರಿ ಈಗ ಎಲ್ಲಿ ನಿಂತಿದೆ ಅಂತ ಮೊದಲು ನೋಡ್ತೀನಿ.

ಒಂದು ಸಲಕ್ಕೆ ಒಂದೇ ಕೇಬಲ್. ಕೆಲವು ಜಾಕ್‌ಗೆ ಕೇಬಲ್ ಹಾಕಿದ ಕೂಡಲೇ ಒಳಗಿನ ಸಂಪರ್ಕ ಕಡಿದುಹೋಗುತ್ತೆ. ಐದು ಕೇಬಲ್ ಒಟ್ಟಿಗೆ ಹಾಕಿದರೆ ಯಾವುದು ಏನನ್ನು ಕಡಿಯಿತು ಅಂತ ದೇವರಿಗೇ ಗೊತ್ತು.

ಉತ್ತರ 3
ಗಮಕದ ವಿಷಯ ಮಾತ್ರ ಹೇಳ್ತೀನಿ, ನಾನು ವೀಣೆ ಕಲಿತವಳು. ಎಲ್‌ಎಫ್‌ಒ ಒಂದೇ ವೇಗದಲ್ಲಿ, ಸ್ವರದ ಎರಡೂ ಬದಿಗೆ ಸಮನಾಗಿ ತೂಗುತ್ತೆ. ತೋಡಿ ರಾಗದ ಗಾಂಧಾರ ಹಾಗೆ ತೂಗಲ್ಲ, ಅದರ ಅಗಲವೂ ವೇಗವೂ ಹಿಡಿತದೊಳಗೇ ಬದಲಾಗುತ್ತೆ. ಎಷ್ಟು ಕೇಬಲ್ ಹಾಕಿದರೂ ಎಲ್‌ಎಫ್‌ಒದಿಂದ ಬರೋದು ಸಿನಿಮಾ ಹಾಡಿನ ವೈಬ್ರಾಟೋ ಅಷ್ಟೇ. ಕಂಪಿತಕ್ಕೆ (ಸ್ವರ ತೂಗೋ ಗಮಕ) ಪಿಚ್ ವೀಲ್ ಮೇಲೆ ಬೆರಳಿಡಿ, ಜಾರು ಗಮಕಕ್ಕೆ ಗ್ಲೈಡ್ (ಸ್ವರದಿಂದ ಸ್ವರಕ್ಕೆ ಜಾರಿಸೋ ನಾಬ್) ಬಳಸಿ. ಮಾಡ್ಯುಲೇಷನ್ ಅನ್ನು ನಾದದ ಬಣ್ಣಕ್ಕೆ ಬಿಡಿ: ತುಂಬ ನಿಧಾನದ ಎಲ್‌ಎಫ್‌ಒ, ಫಿಲ್ಟರ್‌ಗೆ ಸ್ವಲ್ಪವೇ ಸ್ವಲ್ಪ. ಉದ್ದ ಸ್ವರಕ್ಕೆ ಜೀವ ಬರುತ್ತೆ.

ಕೇಳಿದವರು
ವೀಲ್! ಅದೇ ಆಗಿತ್ತು. ಮೇಡಂ, ಸ್ವರ ಶುರುವಾಗಿ ಸ್ವಲ್ಪ ಹೊತ್ತಿನ ಮೇಲೆ ತೂಗು ತಾನಾಗಿ ಬರೋ ಹಾಗೆ ಮಾಡಬಹುದಾ?

ಉತ್ತರ 2
ಮೇಡಂ ಪರವಾಗಿ ನಾನೇ ಹೇಳ್ತೀನಿ. ಎಲ್‌ಎಫ್‌ಒವನ್ನು ಒಂದು ವಿಸಿಎ (ವೋಲ್ಟೇಜ್‌ನಿಂದ ಮಟ್ಟ ಏರಿಳಿಸೋ ಭಾಗ) ಮೂಲಕ ಹಾಯಿಸಿ, ಆ ವಿಸಿಎ ಬಾಗಿಲನ್ನು ನಿಧಾನ ಅಟ್ಯಾಕ್ ಇರುವ, ಅಂದರೆ ಮೆಲ್ಲಗೆ ಏರುವ ಎನ್ವಲಪ್ ತೆರೆಯಬೇಕು. ಗ್ರ್ಯಾಂಡ್‌ಮದರ್‌ನ ವಿಸಿಎ ದನಿಗೇ ಬೇಕು, ಎನ್ವಲಪ್ಪೂ ಒಂದೇ. ಹಾಗಾಗಿ ಎರಡನ್ನೂ ಹೊರಗಿನ ಯೂರೋರ್ಯಾಕ್‌ನಿಂದ (ಬಿಡಿಬಿಡಿಯಾಗಿ ಕೊಂಡು ಜೋಡಿಸೋ ಸಿಂತ್ ಭಾಗಗಳು) ತರಬೇಕು. ಅಷ್ಟಕ್ಕೆ ದುಡ್ಡು ಯಾಕೆ, ಎಡಗೈ ಖಾಲಿ ಇದೆಯಲ್ಲ, ವೀಲ್ ಮೆಲ್ಲಗೆ ಏರಿಸಿ. ಮೂಗ್‌ನ ಹಳೆಯ ಸಿಂತ್, 1970ರ ಮಿನಿಮೂಗ್‌ನಲ್ಲಿ ಪ್ರತ್ಯೇಕ ಎಲ್‌ಎಫ್‌ಒ ಕೂಡ ಇರಲಿಲ್ಲ. ಮೂರನೇ ಆಸಿಲೇಟರನ್ನೇ ಕೆಳಗಿಳಿಸಿ ಬಳಸುತ್ತಿದ್ದರು, ಆಗ ದನಿಗೆ ಉಳಿಯುತ್ತಿದ್ದದ್ದು ಎರಡೇ.

ಉತ್ತರ 4
ಹೊರಗಿನಿಂದ ತರುವಾಗ ಒಂದು ಎಚ್ಚರಿಕೆ. ಗೆಳೆಯರ ಹತ್ತಿರ ಕೋರ್ಗ್ ಎಂಎಸ್-20 ಸಿಂತ್ ಇದ್ದರೆ ಅದರ ಕೀಬೋರ್ಡ್ ವೋಲ್ಟೇಜ್ ನಿಮ್ಮ ಪಿಚ್‌ಗೆ ಹಾಕಬೇಡಿ. ಅದು ಹರ್ಟ್ಸ್‌ಗೆ ಇಷ್ಟು ವೋಲ್ಟ್ ಅನ್ನೋ ಲೆಕ್ಕದ್ದು, ಮೂಗ್ ಆಕ್ಟೇವ್‌ಗೆ ಇಷ್ಟು ವೋಲ್ಟ್ ಅನ್ನೋದು. ಶ್ರುತಿ ಕೂಡೋದೇ ಇಲ್ಲ. ಎಲ್‌ಎಫ್‌ಒ ಆದರೆ ಅಡ್ಡಿಯಿಲ್ಲ. ಮತ್ತೆ ಗ್ರ್ಯಾಂಡ್‌ಮದರ್‌ಗೆ ಪ್ರೀಸೆಟ್ ಮೆಮೊರಿ ಇಲ್ಲ. ಇಷ್ಟವಾದ ಸೆಟ್ಟಿಂಗ್ ಸಿಕ್ಕ ತಕ್ಷಣ ಮೊಬೈಲ್‌ನಲ್ಲಿ ಫೋಟೋ ತೆಗೀರಿ, ವೀಲ್ ಕೂಡ ಫ್ರೇಮಿನಲ್ಲಿ ಬರೋ ಹಾಗೆ.